ಸ್ಕೂಲ್ ಮಕ್ಕಳಿಗೆ ಕುಸ್ತಿ ಕಲಿಸ್ತಾ ಕಳೆದ ಮೂವತ್ತು ಚಿಲ್ಲರೆ ವರ್ಷ

ಶುರುವಲ್ಲಿ ನಂಗೆ ಪಟ್ಟುಗಳ ಹುಚ್ಚು. ವಾರಕ್ಕೊಂದು ಹೊಸದು ಹೇಳ್ಕೊಡ್ತಿದ್ದೆ, ಮಕ್ಕಳೂ ಖುಷಿಯಿಂದ ಕಲಿಯೋರು, ಆದ್ರೆ ಮ್ಯಾಚಲ್ಲಿ ಎದುರಾಳಿ ಕಾಲಿಗೆ ನುಗ್ಗಿದ್ರೆ ಸಾಕು ಎಲ್ಲಾ ಮರ್ತು ಧೊಪ್ಪಂತ ಬೀಳೋರು. ಇದು ತಲೆಗೆ ಹೋಗೋಕೆ ಹತ್ತು ವರ್ಷ ಹಿಡೀತು ನೋಡಿ. ಆಮೇಲೆ ಮೊದಲ ತಿಂಗಳು ಪಟ್ಟೇ ಇಲ್ಲ, ನಿಲ್ಲೋದು, ಬೀಳೋದು, ಸ್ಪ್ರಾಲ್ ಮಾಡೋದು (ಎದುರಾಳಿ ಕಾಲಿಗೆ ನುಗ್ಗಿದಾಗ ಕಾಲು ಹಿಂದಕ್ಕೆ ಎಸೆದು ಮೈಭಾರ ಅವನ ಮೇಲೆ ಹಾಕೋದು) ಅಷ್ಟೇ. ಮೊಣಕಾಲು ಬಗ್ಗಿಸು, ಸೊಂಟ ಇಳಿಸು, ಮೊಣಕೈ ಪಕ್ಕೆಗೆ ಅಂಟಿಸು, ತಲೆ ಎತ್ತು. ತಲೆ ತಗ್ಗಿಸ್ಕೊಂಡು ನುಗ್ಗಿದ್ರೆ ಕತ್ತಿಗೆ ಪೆಟ್ಟು ಬೀಳುತ್ತೆ, ಹಂಗಾಗಿ ಜೀವನದಲ್ಲಿ ನಾನು ಅತೀ ಹೆಚ್ಚು ಕೂಗಿರೋ ಮಾತು "ಲೋ, ತಲೆ ಎತ್ತೋ".

ರೂಲ್ಸು ಬದಲಾಗ್ತಾನೇ ಇರ್ತಿತ್ತು. 2005ರಲ್ಲಿ ಎರಡೆರಡು ನಿಮಿಷದ ಮೂರು ಪಿರಿಯಡ್ ಬಂತಲ್ಲ, ಎರಡು ಪಿರಿಯಡ್ ಗೆದ್ದವ್ರಿಗೆ ಮ್ಯಾಚ್. ಒಂದರಲ್ಲಿ ಐದು ಪಾಯಿಂಟ್ ಬಾಚ್ಕೊಂಡು ಇನ್ನೆರಡರಲ್ಲಿ ಒಂದೊಂದೇ ಪಾಯಿಂಟಲ್ಲಿ ಸೋತು ಅಳ್ತಾ ಕೂತ ಹುಡುಗಿಗೆ ಆ ಲೆಕ್ಕ ಹೇಗ್ರೀ ಬಿಡಿಸಿ ಹೇಳೋದು? 2013ರಲ್ಲಿ ಮತ್ತೆ ಒಟ್ಟು ಪಾಯಿಂಟೇ ಲೆಕ್ಕ ಅಂತ ಆದಾಗ ನಂಗೆ ನೆಮ್ಮದಿ. ಅದೇ ವರ್ಷ ಒಲಿಂಪಿಕ್ಸಿಂದ ಕುಸ್ತಿನೇ ತೆಗೀತಾರೆ ಅಂತ ಗಲಾಟೆ ಆಗಿ ಸೆಪ್ಟೆಂಬರಲ್ಲಿ ವಾಪಸ್ ಸೇರಿಸಿದ್ರು, ಅಷ್ಟು ದಿನ ಮಕ್ಕಳ ಮುಖ ನೋಡೋಕಾಗ್ತಿರ್ಲಿಲ್ಲ.

ನಾನು ಮಾಡಿದ ದೊಡ್ಡ ತಪ್ಪು ಅಂದ್ರೆ ತೂಕದ ವಿಷ್ಯ. 1997ರಲ್ಲಿ ಅಮೆರಿಕದಲ್ಲಿ ಮೂವರು ಕಾಲೇಜು ಕುಸ್ತಿಪಟುಗಳು ತೂಕ ಇಳಿಸೋಕೆ ಹೋಗಿ ಐದೇ ವಾರದೊಳಗೆ ಸತ್ತಿದ್ರು, ಅದನ್ನ ಓದಿದ್ದೆ, ಓದಿಯೂ ಅದು ಕಾಲೇಜ್ ಹುಡುಗ್ರ ಕಥೆ ಅಂದ್ಕೊಂಡು ಸುಮ್ನಿದ್ದೆ. ಆಮೇಲೆ ಒಂದ್ಸಲ ನಮ್ಮ ಹುಡುಗ ಒಬ್ಬ ಆಡಬೇಕಿದ್ದ ತೂಕದ ಕ್ಯಾಟಗರಿಗಿಂತ ಒಂದೂವರೆ ಕೆಜಿ ಜಾಸ್ತಿ ಇದ್ದ. ರಾತ್ರಿಯಿಂದ ನೀರು ಬಂದ್, ಬೆಳಗ್ಗೆ ಪ್ಲಾಸ್ಟಿಕ್ ಜಾಕೆಟ್ ಹಾಕ್ಸಿ ಸ್ಕಿಪ್ಪಿಂಗ್, ಕೈಗೊಂದು ಬಾಟ್ಲಿ ಕೊಟ್ಟು ಅದ್ರೊಳಗೆ ಉಗೀತಾ ಇರು ಅಂದೆ. ತೂಕ ಸರಿಯಾಗಿ ಬಂತು, ನಾನು ಬೆನ್ನೂ ತಟ್ಟಿದೆ. ಮ್ಯಾಚಲ್ಲಿ ಎದುರಾಳಿ ಕಾಲು ಅವನ ಕೈಗೆ ಸಿಕ್ಕೇ ಬಿಟ್ಟಿತ್ತು, ಆದ್ರೆ ಬೆರಳು ಮುಚ್ಚಲಿಲ್ಲ. ಸೆಟೆದು ನಿಂತಿದ್ವು. ಓಡಿ ಹೋಗಿ ಮುಟ್ಟಿದೆ, ಅಷ್ಟು ಹೊತ್ತು ಆಡಿದ್ರೂ ಮೈಮೇಲೆ ಒಂದು ಹನಿ ಬೆವರಿಲ್ಲ. ಪುಣ್ಯಕ್ಕೆ ಡಾಕ್ಟ್ರು ಪಕ್ಕದಲ್ಲೇ ಇದ್ರು, ಹುಡುಗ ಉಳ್ಕೊಂಡ.

ಅವತ್ತಿಂದ ಜಾಕೆಟ್ ಬಂದ್. ಸೀಸನ್ ಶುರುವಾಗೋ ಮುಂಚೆನೇ ತೂಕ ನೋಡಿ ಕ್ಯಾಟಗರಿ ಬರ್ಕೊಳ್ತೀನಿ, ಮಧ್ಯದಲ್ಲಿ ಮಗು ಬೆಳೆದ್ರೆ ಮೇಲಿನ ಕ್ಯಾಟಗರಿಗೆ ಹೋಗ್ಬೇಕು, ಕೆಳಗೆ ಇಳ್ಸೋ ಮಾತೇ ಇಲ್ಲ. ಅಪ್ಪಂದಿರು ಜಗಳಕ್ಕೆ ಬರ್ತಾರೆ, ದೊಡ್ಡ ಹುಡುಗ್ರ ಜೊತೆ ಬಿಟ್ರೆ ನಮ್ಮೋನು ಸೋಲ್ತಾನೆ ಸಾರ್ ಅಂತ. ಹೌದು, ಎಷ್ಟೋ ಜನ ಸೋತಿದ್ದಾರೆ.