ಪಕ್ಕದ ಶೆಡ್‌ನ ಪ್ರೆಸ್ ಬಡಿದರೆ ನಿಮ್ಮ ಗ್ರೈಂಡರ್ ಯಾಕೆ ನಡುಗಬೇಕು?

ಪೀಣ್ಯದಲ್ಲಿ ಶೆಡ್ ಇಟ್ಟವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಮಧ್ಯೆ ಒಂದೇ ಗೋಡೆ. ಆ ಕಡೆ ತಗಡು ಒತ್ತುವ ಪವರ್ ಪ್ರೆಸ್ ಧಡ್ ಧಡ್ ಅಂತಿರುತ್ತದೆ, ಈ ಕಡೆ ನೀವು ಸರ್ಫೇಸ್ ಗ್ರೈಂಡರ್‌ನಲ್ಲಿ (ತಿರುಗುವ ಕಲ್ಲಿನ ವೀಲ್‌ನಿಂದ ಲೋಹದ ಮೇಲ್ಮೈ ನುಣುಪು ಮಾಡುವ ಮೆಷಿನ್) ಮೈಕ್ರಾನ್ ಲೆಕ್ಕದಲ್ಲಿ, ಅಂದರೆ ಮಿ.ಮೀ.ನ ಸಾವಿರದಲ್ಲಿ ಒಂದು ಪಾಲಿನ ಲೆಕ್ಕದಲ್ಲಿ, ಜಾಬ್ ಉಜ್ಜುತ್ತಿರುತ್ತೀರಿ. ಬೆಂಚಿನ ಮೇಲಿನ ಟೀ ಲೋಟದಲ್ಲಿ ಸಣ್ಣ ಅಲೆ ಏಳುತ್ತದೆ. ಅಂಥದೇ ಅಲೆ ಜಾಬ್ ಮೇಲೂ ಸಾಲುಸಾಲಾಗಿ ಬಿದ್ದಿರುತ್ತದೆ, ಬೆಳಕಿಗೆ ಓರೆಯಾಗಿ ಹಿಡಿದರೆ ಕಾಣುತ್ತದೆ.

ಎಲ್ಲರ ಹಾಗೆ ನಾನೂ ಮೊದಲು ಮಾಡಿದ್ದು ಹಳೇ ಕನ್ವೇಯರ್ ಬೆಲ್ಟ್ ಕತ್ತರಿಸಿ ಮೆಷಿನ್ ಕಾಲಿನ ಕೆಳಗೆ ತುರುಕಿದ್ದು. ರಬ್ಬರ್ ಅಲ್ವಾ, ನಡುಕ ಕುಡಿದುಬಿಡುತ್ತದೆ ಅಂದುಕೊಂಡೆ. ಮಾರನೇ ದಿನ ನೋಡಿದರೆ ಗೆರೆಗಳು ಇನ್ನೂ ಜಾಸ್ತಿ! ಯಾಕೆ ಅಂತ ಅರ್ಥವಾಗಲು ಒಂದು ಸಣ್ಣ ಲೆಕ್ಕ ಕಲಿಯಬೇಕಾಯಿತು. ಆ ಲೆಕ್ಕ ಗೊತ್ತಿದ್ದಿದ್ದರೆ ಎರಡು ತಿಂಗಳು ಉಳಿಯುತ್ತಿತ್ತು.

ಮೊದಲು ಕಳ್ಳ ಯಾರು ಅಂತ ನೋಡಿ

ದುಡ್ಡು ಖರ್ಚು ಮಾಡುವ ಮೊದಲು ನಡುಕ ನೆಲದಿಂದಲೇ ಬರುತ್ತಿದೆಯಾ ಅಂತ ಖಾತ್ರಿ ಮಾಡಿಕೊಳ್ಳಿ. ಅರ್ಧಕ್ಕರ್ಧ ಸಲ ತಪ್ಪು ನಮ್ಮ ಮೆಷಿನ್ನಿನದೇ ಇರುತ್ತದೆ. ಬ್ಯಾಲೆನ್ಸ್ ತಪ್ಪಿದ ವೀಲ್, ಸವೆದ ಬೇರಿಂಗ್, ಬೆಲ್ಟ್‌ನ ಗಂಟು, ಹೀಗೆ.

ಪರೀಕ್ಷೆ ಸುಲಭ. ಗ್ರೈಂಡರ್‌ನ ಎಲ್ಲ ಮೋಟಾರ್ ಆಫ್ ಮಾಡಿ. ಡಯಲ್ (ಸಣ್ಣ ಅಲುಗಾಟವನ್ನು ಮುಳ್ಳಿನಲ್ಲಿ ತೋರಿಸುವ ಗೇಜ್) ಇರುವ ಸ್ಟ್ಯಾಂಡನ್ನು ಜಾಬ್ ಹಿಡಿಯುವ ಮ್ಯಾಗ್ನೆಟಿಕ್ ಚಕ್ ಮೇಲೆ ಕೂರಿಸಿ, ಮೊನೆಯನ್ನು ವೀಲ್ ಹೊತ್ತ ಹೆಡ್‌ಗೆ ತಾಗಿಸಿ. ಒಂದು ಮೈಕ್ರಾನ್ ತೋರಿಸುವ ಡಯಲ್ ಬೇಕು, ನೂರನೇ ಒಂದು ಮಿ.ಮೀ.ನದು ಇಲ್ಲಿ ಸಾಲದು. ಮೆಷಿನ್ ಸುಮ್ನೆ ನಿಂತಿರುವಾಗಲೂ ಮುಳ್ಳು ನಡುಗುತ್ತಿದ್ದರೆ ಅದು ಹೊರಗಿನಿಂದ ಬಂದ ನಡುಕ. ನಮಗೆ ಮುಖ್ಯವಾದದ್ದು ನೆಲ ಎಷ್ಟು ಅದುರುತ್ತದೆ ಅನ್ನುವುದಲ್ಲ, ವೀಲ್ ಮತ್ತು ಜಾಬ್ ನಡುವಿನ ದೂರ ಎಷ್ಟು ಬದಲಾಗುತ್ತದೆ ಅನ್ನುವುದು. ಎರಡೂ ಒಟ್ಟಿಗೇ ಮೇಲೆ ಕೆಳಗೆ ಹೋದರೆ ಜಾಬ್‌ಗೆ ಏನೂ ಆಗುವುದಿಲ್ಲ.

ಇನ್ನೊಂದು ಪರೀಕ್ಷೆಯನ್ನು ಊಟದ ಹೊತ್ತಿಗೆ ಮಾಡಿ. ಪಕ್ಕದವರು ಪ್ರೆಸ್ ನಿಲ್ಲಿಸಿದಾಗ ಒಂದು ಜಾಬ್, ಶುರು ಮಾಡಿದ ಮೇಲೆ ಇನ್ನೊಂದು. ಅದೇ ವೀಲ್, ಅದೇ ಡ್ರೆಸಿಂಗ್ (ವೀಲ್ ಮುಖ ಕೆರೆದು ಸರಿಮಾಡುವುದು), ಅದೇ ಫೀಡ್.

ಇನ್ನು ಗೆರೆಗಳನ್ನು ಎಣಿಸುವುದು. ನನಗೆ ತುಂಬಾ ಇಷ್ಟವಾದ ಕೆಲಸ ಇದು, ಯಾಕೆಂದರೆ ಖರ್ಚು ಸೊನ್ನೆ. ಜಾಬ್ ಹೊತ್ತ ಟೇಬಲ್ ನಿಮಿಷಕ್ಕೆ 15 ಮೀಟರ್ ಓಡುತ್ತಿದೆ ಅನ್ನಿ, ಅಂದರೆ ಸೆಕೆಂಡಿಗೆ 250 ಮಿ.ಮೀ. ಎರಡು ಗೆರೆಗಳ ನಡುವೆ 10 ಮಿ.ಮೀ. ಇದ್ದರೆ 250ನ್ನು 10ರಿಂದ ಭಾಗಿಸಿ, 25 ಬಂತು. ಅಂದರೆ ಸೆಕೆಂಡಿಗೆ 25 ಸಲ, 25 ಹರ್ಟ್ಜ್. ಈಗ ಶೆಡ್‌ನಲ್ಲಿ ಯಾವುದು ಆ ವೇಗದಲ್ಲಿ ತಿರುಗುತ್ತದೆ ಅಂತ ಹುಡುಕಿ. 1440 ಆರ್‌ಪಿಎಂ ಮೋಟಾರ್ ಅಂದರೆ 24 ಹರ್ಟ್ಜ್. 2880 ಆದರೆ 48 ಹರ್ಟ್ಜ್, ಆಗ ಗೆರೆಗಳು ಸುಮಾರು 5 ಮಿ.ಮೀ.ಗೆ ಒಂದರಂತೆ ಬೀಳುತ್ತವೆ.

ನನ್ನ ಜಾಬ್ ಮೇಲೆ ಹತ್ತು ಹತ್ತು ಮಿ.ಮೀ.ಗೆ ಸಮವಾಗಿ ಗೆರೆ ಬಿದ್ದಿತ್ತು. ಪ್ರೆಸ್ ಹಾಗೆ ಬರೆಯಲಾರದು! ನಿಮಿಷಕ್ಕೆ 60 ಏಟು ಹೊಡೆಯುವ ಪ್ರೆಸ್ ಸೆಕೆಂಡಿಗೊಂದು ಪೆಟ್ಟು ಕೊಡುತ್ತದೆ, ಆ ಪೆಟ್ಟಿಗೆ ನೆಲ ಗಂಟೆಯ ಹಾಗೆ ಒಂದಷ್ಟು ಹೊತ್ತು ಅದುರಿ ನಿಲ್ಲುತ್ತದೆ. ಹಾಗಾಗಿ ಪ್ರೆಸ್‌ನ ಗೆರೆಗಳು ಗುಂಪುಗುಂಪಾಗಿ ಬರುತ್ತವೆ, ಮೊದಲು ದಪ್ಪ, ಆಮೇಲೆ ಮಾಸುತ್ತಾ ಹೋಗುತ್ತವೆ. ಸಮಸಮವಾಗಿ ಸಾಲಾಗಿ ಬಿದ್ದವು ಅಂದರೆ ಅದು ತಿರುಗುವ ವಸ್ತುವಿನ ಕೆಲಸ. ಹುಡುಕಿದರೆ, ನಮ್ಮದೇ ಶೆಡ್‌ನ ಮೂಲೆಯ ಬ್ಲೋವರ್! 1440ರ ಮೋಟಾರ್, ರೆಕ್ಕೆಗೆ ಧೂಳು ಮೆತ್ತಿಕೊಂಡು ಬ್ಯಾಲೆನ್ಸ್ ಹೋಗಿತ್ತು. ಎರಡು ತಿಂಗಳು ಪಕ್ಕದವರನ್ನು ಬೈದುಕೊಂಡಿದ್ದೆ.

ರೆಕ್ಕೆ ತೊಳೆದು, ಬ್ಲೋವರನ್ನು ಸ್ಪ್ರಿಂಗ್ ಮೇಲೆ ಕೂರಿಸಿದ ಮೇಲೆ ಆ ಗೆರೆ ಹೋಯಿತು. ಆಮೇಲೆ ಉಳಿದದ್ದು ನಿಜವಾದ ಪ್ರೆಸ್ ಗೆರೆ. ನೆಲ ಯಾವ ಹರ್ಟ್ಜ್‌ನಲ್ಲಿ ಅದುರುತ್ತದೆ ಅಂತ ತಿಳಿಯಲು ಫೋನ್ ಸಾಕು. ಜರ್ಮನಿಯ ಆಹೆನ್ ವಿಶ್ವವಿದ್ಯಾಲಯದವರ ಫಿಫಾಕ್ಸ್ (phyphox) ಅನ್ನುವ ಆ್ಯಪ್ ಇದೆ, ದುಡ್ಡು ಕೊಡಬೇಕಾಗಿಲ್ಲ. ಫೋನನ್ನು ಮೆಷಿನ್ ಕಾಲಿನ ಪಕ್ಕ ನೆಲಕ್ಕೆ ಟೇಪ್‌ನಿಂದ ಅಂಟಿಸಿ, ಸ್ಪೆಕ್ಟ್ರಮ್ ನೋಡಿ, ಅಂದರೆ ಯಾವ ಹರ್ಟ್ಜ್‌ನಲ್ಲಿ ಎಷ್ಟು ನಡುಕ ಅಂತ ತೋರಿಸುವ ಗ್ರಾಫ್. ನಮ್ಮಲ್ಲಿ ಸುಮಾರು 20 ಹರ್ಟ್ಜ್‌ನಲ್ಲಿ ಗುಡ್ಡ ಎದ್ದಿತು. ಫೋನಿಗೆ ತೀರಾ ಸಣ್ಣ ನಡುಕ ಸಿಗದೇ ಹೋಗಬಹುದು. ಕಂಡರೆ ನಂಬಿ, ಕಾಣದಿದ್ದರೆ ನಡುಕವೇ ಇಲ್ಲ ಅಂದುಕೊಳ್ಳಬೇಡಿ.

ರಬ್ಬರ್ ದಪ್ಪ ಅಲ್ಲ, ಕುಸಿತ ನೋಡಿ

ಇಡೀ ವಿಷಯದ ತಿರುಳು ಇಲ್ಲಿದೆ. ಮೌಂಟ್ (ಮೆಷಿನ್ ಕೆಳಗೆ ಇಡುವ ರಬ್ಬರ್ ಪ್ಯಾಡ್ ಅಥವಾ ಸ್ಪ್ರಿಂಗ್) ಮೇಲೆ ಮೆಷಿನ್ ಇಟ್ಟಾಗ ಅದು ಎಷ್ಟು ಮಿ.ಮೀ. ಕುಸಿಯುತ್ತದೆ ಅಂತ ಅಳೆಯಿರಿ. ಅದರ ವರ್ಗಮೂಲ ತೆಗೆದು, 15.8ನ್ನು ಅದರಿಂದ ಭಾಗಿಸಿ. ಬಂದದ್ದು ಆ ಮೆಷಿನ್ ಮೌಂಟ್ ಮೇಲೆ ತಾನಾಗಿ ತೂಗಾಡುವ ಹರ್ಟ್ಜ್. 1 ಮಿ.ಮೀ. ಕುಸಿದರೆ 16, 4 ಮಿ.ಮೀ. ಆದರೆ 8, 25 ಮಿ.ಮೀ. ಆದರೆ 3 ಚಿಲ್ಲರೆ.

ನೆಲದ ನಡುಕ ಈ ಸಂಖ್ಯೆಯ 1.4 ಪಟ್ಟಿಗಿಂತ ಮೇಲಿದ್ದರೆ ಮಾತ್ರ ಮೌಂಟ್ ಅದನ್ನು ತಡೆಯುತ್ತದೆ. ಅದಕ್ಕಿಂತ ಕೆಳಗಿದ್ದರೆ ತಡೆಯುವುದಿರಲಿ, ಇನ್ನೂ ದೊಡ್ಡದು ಮಾಡಿ ಮೇಲಕ್ಕೆ ಕಳಿಸುತ್ತದೆ. ಜೋಕಾಲಿಯನ್ನು ಅದರ ಲಯಕ್ಕೇ ತಳ್ಳಿದ ಹಾಗೆ. ಎರಡು ಪಟ್ಟು ಅಂತರವಿದ್ದರೆ ಮೂರರಲ್ಲಿ ಒಂದು ಪಾಲು ಮಾತ್ರ ಮೇಲೆ ಹೋಗುತ್ತದೆ, ಮೂರು ಪಟ್ಟು ಇದ್ದರೆ ಎಂಟರಲ್ಲಿ ಒಂದು ಪಾಲು. ಮೂರು ಪಟ್ಟನ್ನೇ ಗುರಿ ಇಟ್ಟುಕೊಳ್ಳಿ.

ಈಗ ನನ್ನ ಕನ್ವೇಯರ್ ಬೆಲ್ಟ್ ಲೆಕ್ಕ ನೋಡಿ. ಗಟ್ಟಿ ಬೆಲ್ಟ್, ಒಳಗೆ ಬಟ್ಟೆಯ ಪದರ. ಕುಸಿದದ್ದು ಕಾಲು ಮಿ.ಮೀ. ಹಾಗಾದರೆ 31 ಹರ್ಟ್ಜ್‌ಗಿಂತ ಸ್ವಲ್ಪ ಮೇಲೆ. ಬ್ಲೋವರ್ ನಡುಕ 24. ಲೆಕ್ಕದ ಪ್ರಕಾರ ಎರಡು ಪಟ್ಟಿಗಿಂತ ಜಾಸ್ತಿಯಾಗಿ ಮೆಷಿನ್‌ಗೆ ಹೋಗುತ್ತಿತ್ತು. ಬೆಲ್ಟ್ ಹಾಕದೇ ಇದ್ದಿದ್ದರೇ ಚೆನ್ನಾಗಿತ್ತು.

ಎಸ್.ಪಿ. ರೋಡ್‌ನಲ್ಲಿ ದಪ್ಪ ರಬ್ಬರ್ ಶೀಟ್ ತಂದು ಮೆಷಿನ್ ಅಡಿ ಪೂರ್ತಿ ಹಾಸುವುದೂ ಇದೇ ತಪ್ಪು. ರಬ್ಬರ್ ಒತ್ತಿದರೆ ಕುಗ್ಗುವುದಿಲ್ಲ, ಪಕ್ಕಕ್ಕೆ ಉಬ್ಬುತ್ತದೆ. ಉಬ್ಬಲು ಜಾಗ ಇಲ್ಲದಿದ್ದರೆ ಅದು ಕಲ್ಲಿನ ಹಾಗೆ. ಅದಕ್ಕೇ ಒಳ್ಳೇ ಪ್ಯಾಡ್‌ಗಳಲ್ಲಿ ಗಾಡಿ ಟಯರ್ ಥರ ಗೀರು ಇರುತ್ತದೆ. ಇನ್ನೂ ಒಂದು ಮಾತು. ನಡುಕಕ್ಕೆ ರಬ್ಬರ್ ತೋರಿಸುವ ಬಿಗಿ, ಸುಮ್ನೆ ತೂಕ ಇಟ್ಟಾಗಿನದಕ್ಕಿಂತ ಜಾಸ್ತಿ. ಹಾಗಾಗಿ ನಿಜವಾದ ಹರ್ಟ್ಜ್ ಲೆಕ್ಕಕ್ಕಿಂತ ಮೇಲೇ ಇರುತ್ತದೆ. ಸ್ಟೀಲ್ ಸ್ಪ್ರಿಂಗ್‌ಗೆ ಆ ಕಾಟ ಇಲ್ಲ, ಆದರೆ ಒಮ್ಮೆ ಅದುರಲು ಶುರು ಮಾಡಿದರೆ ಬೇಗ ನಿಲ್ಲುವುದಿಲ್ಲ, ಜೊತೆಗೆ ಅದುರನ್ನು ಬೇಗ ಅಡಗಿಸುವ ಡ್ಯಾಂಪರ್ ಬೇಕು. ಗಾಳಿ ಮೌಂಟ್ 3–5 ಹರ್ಟ್ಜ್‌ವರೆಗೆ ಇಳಿಯುತ್ತದೆ, ಸಿಎಂಎಂ ಥರದ ಅಳತೆ ಮೆಷಿನ್‌ಗೆ ಸರಿ. ಸಣ್ಣ ಗ್ರೈಂಡಿಂಗ್ ಶಾಪ್‌ಗೆ ಅದು ಮೂಗಿಗಿಂತ ಮೂಗುತಿ ಭಾರ.

ಹಾಗಾದರೆ ತುಂಬಾ ಮೆತ್ತಗಿನ ಸ್ಪ್ರಿಂಗ್ ಹಾಕಿಬಿಟ್ಟರೆ? ಗ್ರೈಂಡರ್ ಟೇಬಲ್ ಒಂದೊಂದು ಸಲ ದಿಕ್ಕು ಬದಲಿಸಿದಾಗಲೂ ಮೆಷಿನ್ ದೋಣಿಯ ಹಾಗೆ ತೊನೆಯುತ್ತದೆ. ಲೇತ್ ಆದರೆ ಇನ್ನೂ ಕಷ್ಟ. ಉದ್ದ ಬೆಡ್‌ನ ಲೇತ್‌ಗೆ ಸ್ವಂತ ಬಿಗಿ ಸಾಲದು, ಅದು ನೆಲವನ್ನು ನಂಬಿಯೇ ನೆಟ್ಟಗಿರುತ್ತದೆ. ಮೆತ್ತಗಿನ ಮೌಂಟ್ ಮೇಲೆ ಇಟ್ಟರೆ ಬೆಡ್ ತಿರುಚಿ ಜಾಬ್ ಟೇಪರ್ ಬರುತ್ತದೆ, ಅಂದರೆ ಒಂದು ತುದಿ ದಪ್ಪ, ಇನ್ನೊಂದು ಸಣ್ಣ. ಗಿಡ್ಡ, ಗಟ್ಟಿ ಮೈಯ ಮೆಷಿನ್‌ಗಳಿಗೆ ಮಾತ್ರ ನೇರವಾಗಿ ಮೌಂಟ್ ಹಾಕಿ.

ಕಾಂಕ್ರೀಟ್ ಬ್ಲಾಕ್

ಮೆತ್ತಗಿರಬೇಕು, ತೊನೆಯಬಾರದು ಅಂದರೆ ಭಾರ ಹೆಚ್ಚಿಸಬೇಕು. ಮೆಷಿನ್ ತೂಕದ ಮೂರು ಪಟ್ಟಿನಷ್ಟು ಕಾಂಕ್ರೀಟ್ ಹಾಕಿ, ಅದರ ಮೇಲೆ ಮೆಷಿನ್ ಬಿಗಿದು, ಇಡೀ ಬ್ಲಾಕನ್ನು ಸ್ಪ್ರಿಂಗ್ ಮೇಲೆ ಕೂರಿಸುವುದು. 2 ಟನ್ ಗ್ರೈಂಡರ್‌ಗೆ ನಾವು ಹಾಕಿದ್ದು 2 ಮೀಟರ್ ಉದ್ದ, 1.5 ಅಗಲ, 0.8 ದಪ್ಪ. 2.4 ಘನ ಮೀಟರ್. ಕಾಂಕ್ರೀಟ್ ಘನ ಮೀಟರಿಗೆ ಸುಮಾರು 2400 ಕಿಲೋ, ಹಾಗಾಗಿ 5.76 ಟನ್. ಮೆಷಿನ್ ಸೇರಿ 7.76. ಎಂಟು ಸ್ಪ್ರಿಂಗ್ ಮೌಂಟ್, ಒಂದೊಂದರ ಮೇಲೆ ಸುಮಾರು 970 ಕಿಲೋ. ಆ ತೂಕಕ್ಕೆ 5 ಮಿ.ಮೀ. ಕುಸಿಯುವುದನ್ನು ಆರಿಸಿದೆವು. 7 ಹರ್ಟ್ಜ್ ಬಂತು. ನೆಲದ 20ಕ್ಕೆ ಹೋಲಿಸಿದರೆ ಏಳರಲ್ಲಿ ಒಂದು ಪಾಲು ಮಾತ್ರ ಮೇಲೆ.

ಮೆಷಿನ್‌ನ ತೂಕ ಎಲ್ಲ ಕಡೆ ಸಮ ಇರುವುದಿಲ್ಲ, ಕಾಲಂ ಇರುವ ಹಿಂಬದಿ ಭಾರ. ಎಲ್ಲ ಸ್ಪ್ರಿಂಗೂ ಒಂದೇ ಸಮ ಕುಸಿಯುವ ಹಾಗೆ ಜಾಗ ಸರಿಮಾಡಿ. ಎಂ25 ದರ್ಜೆಯ ಕಾಂಕ್ರೀಟ್, ಮೇಲೆ ಕೆಳಗೆ ಕಂಬಿ ಜಾಲ, 28 ದಿನ ಆಗುವ ತನಕ ಮೆಷಿನ್ ಏರಿಸಬೇಡಿ. ಬೇಗ ಬೇಗ ಅಂತ ನಿಮ್ಮ ಆರ್ಡರ್ ಕೂಗುತ್ತದೆ, ಕೂಗಲಿ.

ಬ್ಲಾಕ್ ಇಡಲು ನೆಲದಲ್ಲಿ ತೋಡಿದ ಗುಂಡಿಯ ಗೋಡೆಗೂ ಬ್ಲಾಕ್‌ಗೂ ನಡುವೆ ಸುತ್ತಲೂ 50 ಮಿ.ಮೀ. ಖಾಲಿ ಬಿಡಿ. ಖಾಲಿ ಅಂದರೆ ಪೂರ್ತಿ ಖಾಲಿ. ನಮ್ಮ ಮೇಸ್ತ್ರಿ ಒಳ್ಳೆಯವರೇ, ಆದರೆ ಸಂದಿಗೆ ಬಿದ್ದ ಒಂದು ಹಿಡಿ ಸಿಮೆಂಟ್ ಗಟ್ಟಿಯಾಗಿ ಗೋಡೆಗೂ ಬ್ಲಾಕ್‌ಗೂ ಸೇತುವೆ ಕಟ್ಟಿತ್ತು. ಸ್ಪ್ರಿಂಗ್ ಎಲ್ಲ ದಂಡ! ಟಾರ್ಚ್ ಬಿಟ್ಟು ನೋಡಿ, ಉದ್ದನೆ ಕಂಬಿಯಿಂದ ಸುತ್ತಲೂ ಕೆರೆದು ನೋಡಿ. ಕರೆಂಟ್ ಪೈಪ್ ಗಟ್ಟಿ ಕಾಂಡ್ಯೂಟ್ ಆದರೆ ಅದೂ ಸೇತುವೆಯೇ, ಬಳುಕುವ ಪೈಪನ್ನು ಸಡಿಲವಾಗಿ ಒಂದು ಸುತ್ತು ಬಿಟ್ಟು ಹಾಕಿ. ಕೂಲಂಟ್‌ಗೆ, ಗಾಳಿಗೆ ಹೋಸ್. ಹೈಡ್ರಾಲಿಕ್ ಪವರ್ ಪ್ಯಾಕ್ ಬ್ಲಾಕ್‌ನಿಂದ ಆಚೆ ನೆಲದ ಮೇಲೆ ಇರಲಿ. ಸಂದಿಯನ್ನು ಮೆತ್ತನೆ ರಬ್ಬರ್ ಪಟ್ಟಿಯಿಂದ ಮುಚ್ಚಿ, ಇಲ್ಲದಿದ್ದರೆ ಗ್ರೈಂಡಿಂಗ್ ಪುಡಿ ತುಂಬಿಕೊಳ್ಳುತ್ತದೆ. ಎರಡೂ ಕಡೆ ಬೋಲ್ಟ್ ಹಾಕಿದ ಚೆಕರ್ ಪ್ಲೇಟ್ ಬೇಡವೇ ಬೇಡ. ಮಳೆಗಾಲದಲ್ಲಿ ಗುಂಡಿಗೆ ನೀರು ಬರುತ್ತದೆ, ಮೂಲೆಯಲ್ಲಿ ಸಣ್ಣ ಸಂಪ್ ಮಾಡಿ ಪಂಪ್ ಇಳಿಸುವ ಹಾಗಿರಲಿ.

ಸ್ಪ್ರಿಂಗ್ ಇಲ್ಲದೆ, ಸುತ್ತ ಥರ್ಮೋಕೋಲ್ ಇಟ್ಟು ಬ್ಲಾಕನ್ನು ಮಣ್ಣಿನ ಮೇಲೇ ಹಾಕುವವರೂ ಇದ್ದಾರೆ. ಟ್ರಾಲಿ ಓಡಾಡಿದಾಗ ಸ್ಲ್ಯಾಬ್‌ನಲ್ಲಿ ಬರುವ ನಡುಕಕ್ಕೆ ಅದು ಸಾಕು. ಪ್ರೆಸ್‌ನ ನಡುಕ ಮಣ್ಣಿನೊಳಗಿಂದ ಬರುತ್ತದೆ, ಬ್ಲಾಕ್ ಅಡಿಯಿಂದಲೇ ಏರುತ್ತದೆ. ಹಾಗಾದರೆ ಗೋಡೆ ಪಕ್ಕ ಒಂದು ಕಾಲುವೆ ತೋಡಿದರೆ ಅಂತ ಕೇಳುತ್ತಾರೆ. ಮಣ್ಣಲ್ಲಿ ಅಲೆ ಸೆಕೆಂಡಿಗೆ 150 ಮೀಟರ್ ಓಡಿದರೆ, 15 ಹರ್ಟ್ಜ್‌ಗೆ ಅಲೆಯ ಉದ್ದ 10 ಮೀಟರ್. ಕಾಲುವೆ ಅದರ ಅರ್ಧಕ್ಕಿಂತ ಜಾಸ್ತಿ ಆಳ, ಸುಮಾರು 6 ಮೀಟರ್ ಬೇಕು. ಬಾವಿ ತೋಡಿದಂತೆ, ಬಿಟ್ಟುಬಿಡಿ.

ಸಾಧ್ಯವಾದರೆ ಪಕ್ಕದವರ ಹತ್ತಿರ ಮಾತಾಡಿ. ಪೆಟ್ಟನ್ನು ಹುಟ್ಟಿದ ಕಡೆಯೇ ತಡೆಯುವುದು ಅಗ್ಗ, ಪ್ರೆಸ್ ಕೆಳಗೆ ಸರಿಯಾದ ಮೌಂಟ್ ಹಾಕಿದರೆ ಸುತ್ತಲಿನ ಎಲ್ಲ ಶೆಡ್‌ಗೂ ಲಾಭ. ನಾನು ಮೌಂಟ್ ಖರ್ಚಿನ ಅರ್ಧ ಕೊಡುತ್ತೇನೆ ಅಂದೆ, ಒಪ್ಪಲಿಲ್ಲ. ನಿಮ್ಮ ಪಕ್ಕದವರು ಒಪ್ಪಬಹುದು. ಫೋರ್ಜಿಂಗ್ ಹ್ಯಾಮರ್ ಇದ್ದರೆ ಮಾತ್ರ ಮೇಸ್ತ್ರಿ ಮಟ್ಟದಲ್ಲಿ ಮುಗಿಸಬೇಡಿ, ಭಾರತೀಯ ಮಾನಕ ಐಎಸ್ 2974ರ ಎರಡನೇ ಭಾಗ ಅಂಥ ಫೌಂಡೇಶನ್‌ಗೇ ಇದೆ, ಅದನ್ನು ಓದಿದ ಇಂಜಿನಿಯರ್ ಬೇಕು.

ಎಲ್ಲ ಆದ ಮೇಲೆ ಮೀಟರಿಗೆ 0.02 ಮಿ.ಮೀ. ತೋರಿಸುವ ಲೆವೆಲ್ ಇಟ್ಟು ಸರಿಮಾಡಿ, ಮೊದಲಿನ ಡಯಲ್ ಪರೀಕ್ಷೆ ಮತ್ತೆ ಮಾಡಿ, ಎರಡೂ ಸಂಖ್ಯೆ ಬರೆದಿಡಿ. ರಬ್ಬರ್ ಮೌಂಟ್ ಆದರೆ ಒಂದು ವಾರಕ್ಕೆ, ಮತ್ತೆ ಒಂದು ತಿಂಗಳಿಗೆ ಲೆವೆಲ್ ನೋಡಿ. ಭಾರಕ್ಕೆ ಅದು ನಿಧಾನವಾಗಿ ಇಳಿಯುತ್ತಲೇ ಇರುತ್ತದೆ. ಎಣ್ಣೆ ಬೀಳುವ ಜಾಗದಲ್ಲಿ ಸಾದಾ ರಬ್ಬರ್ ಉಬ್ಬಿ ಹಾಳಾಗುತ್ತದೆ, ಕೊಳ್ಳುವಾಗಲೇ ಎಣ್ಣೆ ತಡೆಯುವ ನೈಟ್ರೈಲ್ ರಬ್ಬರ್ ಕೇಳಿ.