ಸೂರಿನ ಹಲಗೆ, ದಂಬೆ: ಮಳೆಗೆ ಮುಂಚೆ ಬದಲಾಯಿಸುವುದು ಹೇಗೆ?

ಮಂಗಳೂರು ಹಂಚಿನ ಮನೆಯಲ್ಲಿ ಸೂರಿನ ಹಲಗೆ (ಮಾಡಿನ ಅಂಚಿನುದ್ದಕ್ಕೂ ಬಡಿದ ಹಲಗೆ) ಕೊಳೆತರೆ ದಂಬೆಯ (ಮಾಡಿನ ನೀರು ಹಿಡಿಯುವ ಅರೆಕೊಳವೆ) ಮೇಲೆ ದೂರು ಹಾಕಿ, ಅದನ್ನಷ್ಟೇ ಬದಲಾಯಿಸುವವರು ಹೆಚ್ಚು. ಮರುವರ್ಷ ಮತ್ತದೇ ಗೋಳು. ಕೊನೆಯ ಸಾಲಿನ ಹಂಚು ಹಲಗೆಯಿಂದಾಚೆ 2 ಇಂಚಾದರೂ ಚಾಚಿರದಿದ್ದರೆ, ನೀರು ಹಂಚಿನ ಅಡಿಗೆ ತಿರುಗಿ ಹಲಗೆಯ ಬೆನ್ನಿಗೆ ಇಳಿಯುತ್ತದೆ. ಮೊದಲು ಅದನ್ನು ಅಳೆಯಿರಿ.

ಕೆಲಸಕ್ಕೆ ಏಪ್ರಿಲ್ ಒಳ್ಳೆಯದು. ಒದ್ದೆ ಮರಕ್ಕೆ ಬಣ್ಣ ಹಿಡಿಯುವುದಿಲ್ಲ. ಏಣಿಯನ್ನು ಗೋಡೆಗೆ ಒರಗಿಸಿ, ದಂಬೆಗೆ ಬೇಡ. ಸೂರಿಗೆ ತಾಗುವ ಕರೆಂಟ್ ತಂತಿ ಇದ್ದರೆ ಮೇನ್ ಆಫ್ ಮಾಡಿಸಿ; ಅದು ಕಂಬದಿಂದ ಬರುವ ತಂತಿಯಾದರೆ ಮನೆಯ ಮೇನ್ ಸಾಲದು, ಲೈನ್‌ಮನ್‌ನಿಂದ ಕಂಬದಲ್ಲೇ ಕರೆಂಟ್ ತೆಗೆಸಿ.

ಕೆಳಗಿನಿಂದ ಎರಡನೇ ಸಾಲಿನ ಹಂಚು ತೆಗೆದ ಮೇಲೆಯೇ ಮೊದಲ ಸಾಲು ಬಿಡುತ್ತದೆ. ಹಳೆ ದಂಬೆ, ಕ್ಲಾಂಪು, ಹಲಗೆ ಕಳಚಿ, ಪ್ರತಿ ಪಕಾಸಿನ (ಮಾಡಿನ ಇಳಿಜಾರಿನುದ್ದಕ್ಕೆ ಇಳಿಯುವ ಮರ) ತುದಿಗೂ ಸ್ಕ್ರೂಡ್ರೈವರ್ ಚುಚ್ಚಿ ನೋಡಿ. ಸಲೀಸಾಗಿ ಒಳಗಿಳಿದರೆ ಆ ತುದಿ ಹೋಗಿದೆ ಎಂದೇ ಅರ್ಥ. ಗಟ್ಟಿ ಮರ ಸಿಗುವವರೆಗೆ ಕೊಯ್ದು, ಪಕ್ಕಕ್ಕೆ ಅಷ್ಟೇ ದಪ್ಪದ ತುಂಡು ಕೂರಿಸಿ ಎರಡು ಬೋಲ್ಟ್ ಬಿಗಿಯಿರಿ. ಗಟ್ಟಿ ಮರದಲ್ಲಿ ಆ ತುಂಡು 2 ಅಡಿ ಜೊತೆಗಿರಬೇಕು. ಗೆದ್ದಲಿನ ಮಣ್ಣು ಕಂಡರೆ ಔಷಧಿ ಹೊಡೆಯದೆ ಮುಂದೆ ಹೋಗಬೇಡಿ.

ಹಲಗೆ 6 ಇಂಚು ಅಗಲ, 1 ಇಂಚು ದಪ್ಪ ಇರಲಿ. ಹಲಸು, ಹೆಬ್ಬಲಸು ನಡೆಯುತ್ತದೆ. ಕೂರಿಸುವ ಮೊದಲೇ ಆರೂ ಮುಖಕ್ಕೆ ಪ್ರೈಮರ್ ಬಳಿಯಿರಿ. ಕೊಯ್ದ ತುದಿಗೆ ಎರಡು ಸಲ, ಏಕೆಂದರೆ ಮರ ನೀರು ಕುಡಿಯುವುದು ಅಲ್ಲಿಂದಲೇ. ಪ್ರತಿ ಪಕಾಸಿಗೆ ಎರಡು ಸ್ಟೀಲ್ ಸ್ಕ್ರೂ, ಜೋಡಣೆ ಪಕಾಸಿನ ಮೇಲೆಯೇ ಬರಬೇಕು. ಹಲಗೆಯ ಮೇಲಂಚು ರೀಪಿಗಿಂತ (ಹಂಚು ಕೂರುವ ಅಡ್ಡಪಟ್ಟಿ) ಒಂದು ಹಂಚಿನ ದಪ್ಪದಷ್ಟು ಎತ್ತರವಿರಲಿ. ಮೊದಲ ಸಾಲಿನ ಹಂಚಿಗೆ ಅಡಿಯಲ್ಲಿ ಆಸರೆಯಾಗಲು ಇನ್ನೊಂದು ಹಂಚಿಲ್ಲವಲ್ಲ, ಈ ಎತ್ತರ ಬಿಟ್ಟರೆ ಅದು ಮೂತಿ ಕೆಳಗೆ ಹಾಕಿ ಕೂರುತ್ತದೆ.

ಇನ್ನು ದಂಬೆ. 12 ಮೀಟರ್ ಉದ್ದದ, 5 ಮೀಟರ್ ಇಳಿಜಾರಿನ ಮಾಡಿನ ಮೇಲೆ ಗಂಟೆಗೆ 100 ಮಿ.ಮೀ. ಮಳೆ ಸುರಿದರೆ ನಿಮಿಷಕ್ಕೆ 100 ಲೀಟರ್ ನೀರು! ಮಲೆನಾಡಿಗೆ 6 ಇಂಚಿನ ಅರೆವೃತ್ತದ ಪಿವಿಸಿಗಿಂತ ಚಿಕ್ಕದು ತರಬೇಡಿ. ನೀರಿಳಿಯುವ ಪೈಪ್ ನಡುವೆ ಇಟ್ಟರೆ ಪ್ರತಿ ಬದಿಗೆ ಅರ್ಧ ನೀರು ಮಾತ್ರ. ಇಷ್ಟುದ್ದಕ್ಕೆ 3 ಮೀಟರಿನ 4 ತುಂಡು, 2 ಜಾಯಿಂಟ್, 1 ಔಟ್‌ಲೆಟ್, 2 ಮುಚ್ಚಳ, ಸುಮಾರು 24 ಕ್ಲಾಂಪು ಬೇಕು.

ಟ್ಯೂಬ್ ಲೆವೆಲ್ (ಮಟ್ಟ ನೋಡುವ, ನೀರು ತುಂಬಿದ ಪಾರದರ್ಶಕ ಕೊಳವೆ) ಹಿಡಿದು, ತುದಿಯಿಂದ ಔಟ್‌ಲೆಟ್‌ಗೆ 6 ಮೀಟರಿನಲ್ಲಿ 3 ಸೆಂ.ಮೀ. ಇಳಿಜಾರು ಬರುವಂತೆ ದಾರ ಕಟ್ಟಿ. ಎತ್ತರದ ತುದಿ ಹಂಚಿನ ಅಂಚಿಗೆ ಹತ್ತಿರವಿರಲಿ. ತೀರಾ ಕೆಳಗಾದರೆ ಜೋರು ಮಳೆಯಲ್ಲಿ ನೀರು ದಂಬೆ ಹಾರಿ ಅಂಗಳಕ್ಕೇ ಬೀಳುತ್ತದೆ. ಕ್ಲಾಂಪು 60 ಸೆಂ.ಮೀ.ಗೊಂದು, ಜಾಯಿಂಟಿನ ಎರಡೂ ಬದಿಗೆ ಒಂದೊಂದು. ರಬ್ಬರ್ ಇರುವ ಜಾಯಿಂಟಿಗೆ ಸಲ್ಯೂಷನ್ (ಪಿವಿಸಿ ಅಂಟು) ಹಚ್ಚಬೇಡಿ, ಒಳಗಿನ ಗೆರೆಯವರೆಗೆ ಮಾತ್ರ ತುಂಡನ್ನು ತೂರಿಸಿ. ಬಿಸಿಲಿಗೆ ಪಿವಿಸಿ ಹಿಗ್ಗುತ್ತದೆ. ಜಾಗವಿಲ್ಲದಿದ್ದರೆ ಬಾಗುತ್ತದೆ, ಇಲ್ಲವೇ ಜಾಯಿಂಟ್ ಬಿಚ್ಚಿಕೊಳ್ಳುತ್ತದೆ.

ಹಂಚು ಹೊದೆಸುವ ಮೊದಲು ಎರಡೂ ತುದಿಗೆ ಒಂದೊಂದು ಕೊಡ ನೀರು ಸುರಿಯಿರಿ. ಎಲ್ಲಾದರೂ ನಿಂತರೆ ಅಲ್ಲಿನ ಕ್ಲಾಂಪು ಸರಿಪಡಿಸಲು ಆಗಲೇ ಸುಲಭ.