ಗದ್ದೆ ಉದ್ದಿಗೆ ಕಳೆನಾಶಕ: ನಾನು ಅನುಸರಿಸುವ ಕ್ರಮ

ಭತ್ತದ ನಂತರ ಗದ್ದೆಯಲ್ಲಿ ಹಾಕುವ ಉದ್ದಿಗೆ ಕಡಲೆಯ ಕಳೆನಾಶಕದ ಲೆಕ್ಕ ಹಾಗೆಯೇ ಹೊಂದದು. ಆ ಲೆಕ್ಕಗಳೆಲ್ಲ ಗದಗ, ವಿಜಯಪುರ, ಕಲಬುರಗಿಯ ಕಪ್ಪು ಮಣ್ಣಿಗೆ ಹೊಂದುವಂಥವು. ಉಡುಪಿಯ ಕಡೆ ಏಣೆಲು (ಮಳೆಗಾಲದ) ಭತ್ತ ಕೊಯ್ದ ಮೇಲೆ ನಾವು ಹಾಕುವುದು ಉದ್ದು, ಹೆಸರು, ಅಲಸಂಡೆ. ಇಲ್ಲಿ ಮಣ್ಣು ಹುಳಿ, ಹೆಚ್ಚಿನ ಕಡೆ ಮರಳು ಮಿಶ್ರಿತ. ಮಳೆ ನಿಂತ ಮೇಲೆ ಮೇಲ್ಪದರ ಬಹಳ ಬೇಗ ಒಣಗುತ್ತದೆ. ಅದರ ಮೇಲೆ ಭತ್ತದ ಕೂಳೆಯ (ಕೊಯ್ದ ಮೇಲೆ ಉಳಿದ ಬುಡದ) ಚಿಗುರೇ ಒಂದು ದೊಡ್ಡ ಕಳೆ. ಹಾಗಾಗಿ ಯಾವ ಮದ್ದು ಎಂಬುದನ್ನು ನಾನು ಅಂಗಡಿಯಲ್ಲಿ ತೀರ್ಮಾನಿಸುವುದಿಲ್ಲ. ಗದ್ದೆಯ ಪಸೆ (ತೇವ) ಎಷ್ಟಿದೆ, ಎದ್ದ ಕಳೆ ಯಾವುದು ಎಂದು ನೋಡಿಯೇ ತೀರ್ಮಾನ.

ಯಂತ್ರದಲ್ಲಿ ಕೊಯ್ಲು ಮಾಡಿದ ಗದ್ದೆಯಲ್ಲಿ ಉದುರಿದ ಭತ್ತವೂ ಮೊಳೆಯುತ್ತದೆ. ಟಿಲ್ಲರ್‌ನಲ್ಲಿ ಎರಡು ಸಲ ಉಳುಮೆ ಮಾಡಿ ಕೂಳೆ ಬುಡಮೇಲಾದರೆ ಅರ್ಧ ಕೆಲಸ ಅಲ್ಲೇ ಮುಗಿಯಿತು. ತಗ್ಗಿನ ಬೈಲು ಗದ್ದೆಯಲ್ಲಿ ತೇವ ಸಾಕಷ್ಟಿದ್ದರೆ ಮೊದಲ ಉಳುಮೆಯ ನಂತರ ವಾರ ಬಿಟ್ಟು, ಎದ್ದ ಕಳೆಯನ್ನು ಎರಡನೇ ಉಳುಮೆಯಲ್ಲಿ ಮಗುಚುತ್ತೇನೆ. ಅದಕ್ಕಿಂತ ಎತ್ತರದ ಮಜಲು ಗದ್ದೆಯಲ್ಲಿ ಈ ಕಾಯುವಿಕೆ ಬೇಡ, ಆ ವಾರದಲ್ಲಿ ಪಸೆಯೇ ಹೋಗುತ್ತದೆ. ಬಿತ್ತುವ ಮೊದಲು ಗ್ಲೈಫೋಸೇಟ್ ಬಿಟ್ಟು ಕೂಳೆ ಸಾಯಿಸುವ ದಾರಿ ನನ್ನದಲ್ಲ. ಕೀಟ ನಿಯಂತ್ರಣದ ಪರವಾನಗಿ ಇರುವವರ ಮೂಲಕ ಮಾತ್ರ ಅದನ್ನು ಬಳಸಬೇಕು ಎಂದು 2022ರ ಅಕ್ಟೋಬರ್‌ನಲ್ಲಿ ಕೇಂದ್ರ ಸರ್ಕಾರದ ಆದೇಶವಾಗಿದೆ.

ಬಿತ್ತಿದ ಮರುದಿನ, ತಪ್ಪಿದರೆ ಮೂರನೇ ದಿನದೊಳಗೆ, ಪೆಂಡಿಮೆಥಾಲಿನ್ 30 ಇಸಿ (ನೂರರಲ್ಲಿ 30 ಪಾಲು ಮದ್ದಿರುವ, ನೀರಿಗೆ ಬೆರೆಸುವ ದ್ರಾವಣ). ಎಕರೆಗೆ 1 ಲೀಟರ್, 200 ಲೀಟರ್ ನೀರಿನಲ್ಲಿ. ಅಂದರೆ 16 ಲೀಟರಿನ ಸ್ಪ್ರೇ ಕ್ಯಾನಿಗೆ 80 ಮಿಲೀ. 25 ಸೆಂಟ್ಸ್ (ಕಾಲು ಎಕರೆ) ಗದ್ದೆಗೆ ಸುಮಾರು ಮೂರು ಕ್ಯಾನ್. ಇದು ಎದ್ದ ಕಳೆಯನ್ನು ಕೊಲ್ಲುವುದಿಲ್ಲ. ಮೇಲಿನ ಒಂದೆರಡು ಅಂಗುಲದಲ್ಲಿ ಮೊಳೆಯುವ ಸಣ್ಣ ಬೀಜದ ಬೇರು, ಚಿಗುರನ್ನು ತಡೆಯುತ್ತದೆ, ಅಷ್ಟೇ. ಕೂಳೆಗೂ ತುಂಗೆಯ (ಜೇಕಿನ) ಗಡ್ಡೆಗೂ ಇದರಿಂದ ಏನೂ ಆಗದು. ಕೆಲಸ ಮಾಡಬೇಕಾದರೆ ಮಣ್ಣಿನ ಮೇಲ್ಮೈ ಒದ್ದೆಯಾಗಿರಬೇಕು. ಮೇಲಿನ ಒಂದು ಅಂಗುಲದ ಮಣ್ಣನ್ನು ಮುಷ್ಟಿಯಲ್ಲಿ ಹಿಡಿದು ಒತ್ತುತ್ತೇನೆ. ಉಂಡೆ ನಿಂತರೆ ಸಂಜೆ ಹೊತ್ತು ಮದ್ದು ಬಿಡುವುದು. ಪುಡಿಯಾಗಿ ಉದುರಿದರೆ ಈ ಹಂತವನ್ನೇ ಬಿಟ್ಟುಬಿಡುವುದು. ಒಣ ಮಣ್ಣಿನ ಮೇಲೆ ಬಿದ್ದ ಪೆಂಡಿಮೆಥಾಲಿನ್ ಬಿಸಿಲಿಗೆ ಹಾಳಾಗಿ ಹೋಗುತ್ತದೆ, ಹಣ ನಷ್ಟ.

ಉದ್ದಿನ ಬೀಜ ಒಂದು ಅಂಗುಲವಾದರೂ ಮಣ್ಣಿನೊಳಗೆ ಇರಬೇಕು. ಮೇಲೆಯೇ ಉಳಿದ ಬೀಜಕ್ಕೆ ಮದ್ದು ತಾಗಿದರೆ ಬುಡ ದಪ್ಪವಾಗಿ, ಮುಟ್ಟಿದರೆ ಮುರಿಯುವ ಕುಳ್ಳ ಸಸಿ ಬರುತ್ತದೆ. ಉಳದೆ ಕೂಳೆಯ ನಡುವೆ ಬೀಜ ಎರಚುವವರು ಇದನ್ನು ಬಳಸದಿರುವುದೇ ಒಳ್ಳೆಯದು.

ಪ್ರಮಾಣ ಸರಿ ಬರಬೇಕಾದರೆ ನಡಿಗೆ ಸರಿಯಿರಬೇಕು. ಹೆಚ್ಚಿನ ಗದ್ದೆಗಳಲ್ಲಿ ಕೆಡುವುದು ಇಲ್ಲಿಯೇ. ಸುಮಾರು 21 ಅಡಿ ಉದ್ದ, 21 ಅಡಿ ಅಗಲ ಗುರುತು ಹಾಕಿದರೆ ಒಂದು ಸೆಂಟ್ಸ್. ಕ್ಯಾನಿಗೆ ಬರೀ ನೀರು ಅಳೆದು ಹಾಕಿ, ಆ ಜಾಗವನ್ನು ಒಂದೇ ಹದದಲ್ಲಿ ನಡೆದು ತೋಯಿಸಿ, ಉಳಿದ ನೀರನ್ನು ಅಳೆಯಬೇಕು. 2 ಲೀಟರ್ ಖರ್ಚಾಗಿದ್ದರೆ ಎಕರೆಗೆ 200 ಲೀಟರ್ ಸರಿಯಾಯಿತು. 3 ಲೀಟರ್ ಹೋದರೆ ನಡಿಗೆ ನಿಧಾನ, ಮದ್ದು ಒಂದೂವರೆ ಪಟ್ಟು ಬೀಳುತ್ತದೆ. ನಾಝಲ್ ಬೀಸಣಿಗೆಯಂತೆ ಚಪ್ಪಟೆಯಾಗಿ ನೀರು ಬಿಡುವಂಥದ್ದೇ ಆಗಬೇಕು. ಕೀಟನಾಶಕಕ್ಕೆ ಬಳಸುವ ದುಂಡು ಮಂಜಿನ ನಾಝಲ್ ಇಲ್ಲಿ ಬೇಡ. ಗದ್ದೆಯ ನಡುವೆ ಅಡ್ಡಾದಿಡ್ಡಿ ಬೀಸುತ್ತಾ ಹೋದರೆ ಪಟ್ಟೆ ಪಟ್ಟೆಯಾಗಿ ಕಳೆ ಉಳಿಯುತ್ತದೆ.

ಭತ್ತಕ್ಕೆ 2,4-ಡಿ (ಅಗಲ ಎಲೆಯ ಕಳೆ ಕೊಲ್ಲುವ ಮದ್ದು) ಬಿಟ್ಟ ಕ್ಯಾನನ್ನು ಉದ್ದಿಗೆ ಬಳಸುವುದು ದೊಡ್ಡ ಅಪಾಯ. ತಳದಲ್ಲಿ, ಪೈಪಿನಲ್ಲಿ ಉಳಿದ ಸ್ವಲ್ಪವೇ ಸಾಕು, ಉದ್ದಿನ ಎಲೆ, ಕುಡಿ ಮುರುಟಿ ಹೋಗುತ್ತದೆ. ವಾಷಿಂಗ್ ಸೋಡಾ ಹಾಕಿದ ನೀರು ತುಂಬಿಸಿ ರಾತ್ರಿಯಿಡೀ ಇಟ್ಟು, ನಾಝಲ್ ಮೂಲಕವೇ ಹೊರಬಿಟ್ಟು, ಮೂರು ಸಲ ತೊಳೆಯಬೇಕು. ಸಾಧ್ಯವಿದ್ದರೆ ಬೇರೆಯೇ ಕ್ಯಾನ್ ಇಟ್ಟುಕೊಳ್ಳುವುದು ನೆಮ್ಮದಿ. ತೊಳೆದ ನೀರು ತೋಡಿಗೆ ಹೋಗಬಾರದು, ಪೆಂಡಿಮೆಥಾಲಿನ್ ಮೀನಿಗೆ ಕಡು ವಿಷ.

15ರಿಂದ 20ನೇ ದಿನಕ್ಕೆ ಗದ್ದೆಯೊಳಗೆ ಪೂರ್ತಿ ನಡೆದು ನೋಡುತ್ತೇನೆ. ಕೂಳೆ ಚಿಗುರು, ಉದುರು ಭತ್ತ, ಹುಲ್ಲು ಮಾತ್ರ ಇದ್ದರೆ ಕ್ವಿಜಾಲೊಫಾಪ್ ಈಥೈಲ್ 5 ಇಸಿ, ಎಕರೆಗೆ 400 ಮಿಲೀ, ಅಂದರೆ ಕ್ಯಾನಿಗೆ 32 ಮಿಲೀ. ವಾರದೊಳಗೆ ಹುಲ್ಲಿನ ನಡುಸುಳಿ ಹಿಡಿದೆಳೆದರೆ ಕಿತ್ತು ಬರಬೇಕು. ಬಂದರೆ ಮದ್ದು ಹಿಡಿಯಿತು ಎಂದರ್ಥ. ನಾಯಿತುಳಸಿ, ಗರುಗ, ನೆಲನೆಲ್ಲಿಯಂಥ ಅಗಲ ಎಲೆಯ ಕಳೆ ಹೆಚ್ಚಿದ್ದರೆ ಇಮಜೆಥಾಪಿರ್ 10 ಎಸ್ಎಲ್ (ನೀರಿನಲ್ಲಿ ಕರಗುವ ದ್ರಾವಣ), ಎಕರೆಗೆ 200 ಮಿಲೀ, ಕ್ಯಾನಿಗೆ 16 ಮಿಲೀ. ಕಳೆ ಎರಡರಿಂದ ನಾಲ್ಕು ಎಲೆಯಲ್ಲಿರುವಾಗ ಮಾತ್ರ ಇದರ ಆಟ ನಡೆಯುತ್ತದೆ. ಗೇಣುದ್ದ ಆದ ಮೇಲೆ ಬಿಟ್ಟರೆ ಹಳದಿಯಾಗಿ ನಿಂತು ಮತ್ತೆ ಚಿಗುರುತ್ತದೆ. ಎರಡೂ ಬೇಕಿದ್ದರೆ ಒಂದೇ ಕ್ಯಾನಿಗೆ ಬೆರೆಸದೆ, ಹುಲ್ಲಿನದ್ದನ್ನು ಮೊದಲು ಬಿಟ್ಟು ಕೆಲವು ದಿನ ಕಳೆದು ಇನ್ನೊಂದನ್ನು ಬಿಡುತ್ತೇನೆ. ಬೆರೆಸಿದಾಗ ಹುಲ್ಲಿನ ಮೇಲಿನ ಹಿಡಿತ ಕಡಿಮೆಯಾಗುವ ಸಂಭವವಿದೆ.

ಇಮಜೆಥಾಪಿರ್ ಬಿಟ್ಟ ಮೇಲೆ ಉದ್ದಿನ ಹೊಸ ಎಲೆ ಸ್ವಲ್ಪ ಹಳದಿಯಾಗುತ್ತದೆ. ಗಾಬರಿ ಬೇಡ, ಹತ್ತು ದಿನದಲ್ಲಿ ಹಸಿರು ತಿರುಗುತ್ತದೆ. ಕಳೆಯೂ ಕೂಡಲೇ ಸಾಯುವುದಿಲ್ಲ: ಬೆಳವಣಿಗೆ ನಿಲ್ಲುತ್ತದೆ, ಸಾಯಲು ಎರಡು ಮೂರು ವಾರ ಬೇಕು. ನಾಲ್ಕನೇ ದಿನ ನೋಡಿ ಮದ್ದು ಹಿಡಿಯಲಿಲ್ಲವೆಂದು ಇನ್ನೊಂದು ಸಲ ಬಿಡುವವರಿದ್ದಾರೆ, ಆಗ ಉದ್ದೇ ಕುಗ್ಗುತ್ತದೆ. ಇದೇ ಮದ್ದಿಗೆ ಕಡಲೆ ಗಿಡ ಇನ್ನೂ ಸೂಕ್ಷ್ಮ. ದ್ವಿದಳ ಎಂದ ಮಾತ್ರಕ್ಕೆ ಎಲ್ಲವೂ ಒಂದೇ ರೀತಿ ತಡೆಯುವುದಿಲ್ಲ.

ತುಂಗೆಗೆ ಇಮಜೆಥಾಪಿರ್ ಅರೆಬರೆ ಹಿಡಿತವಷ್ಟೇ. ಗಡ್ಡೆ ಉಳಿದೇ ಉಳಿಯುತ್ತದೆ. ಅದನ್ನೂ ಹುಣಿಯಿಂದ (ಗದ್ದೆಯ ಬದುವಿನಿಂದ) ಒಳಗೆ ಹಬ್ಬುವ ಗರಿಕೆಯನ್ನೂ 25–30ನೇ ದಿನಕ್ಕೆ ಒಮ್ಮೆ ಕೈಯಲ್ಲಿ ಕೀಳಿಸುತ್ತೇನೆ. ಹೂ ಬಿಡಲು ಶುರುವಾದ ಮೇಲೆ ಗದ್ದೆಗೆ ಇಳಿಯುವುದಿಲ್ಲ, ಮದ್ದಂತೂ ಇಲ್ಲವೇ ಇಲ್ಲ.

ಉದ್ದು ಕಿತ್ತ ಗದ್ದೆಯಲ್ಲಿ ಸೌತೆ, ಹರಿವೆ ಹಾಕುವ ಯೋಚನೆ ಇದ್ದರೆ ಆ ಗದ್ದೆಗೆ ಇಮಜೆಥಾಪಿರ್ ಬೇಡ. ಹುಳಿ ಮಣ್ಣಿನಲ್ಲಿ ಅದು ಮಣ್ಣಿನ ಕಣಕ್ಕೆ ಅಂಟಿ ಹೆಚ್ಚು ಕಾಲ ಉಳಿಯುತ್ತದೆ, ತರಕಾರಿ ಸಸಿಗಳಿಗೆ ತಡೆದುಕೊಳ್ಳುವ ಶಕ್ತಿಯಿಲ್ಲ. ಅಂಥ ಗದ್ದೆಯಲ್ಲಿ ಪೆಂಡಿಮೆಥಾಲಿನ್, ಹುಲ್ಲಿಗೆ ಕ್ವಿಜಾಲೊಫಾಪ್, ಉಳಿದದ್ದಕ್ಕೆ ಆಳು.